ಐದು ಕಾಲೇಜುಗಳ ಏಕಮಾತ್ರ ರೂಬ್ರಿಕ್ ಮಹಾಶಯರಿಗೆ ಒಂದು ಬಿನ್ನಹ

ಮಾನ್ಯ ರೂಬ್ರಿಕ್ ಮಹಾಶಯರೇ,

ಐದು ಕಾಲೇಜುಗಳ ಅಧ್ಯಾಪಕರು ಒಂದೇ ಸಭಾಂಗಣದಲ್ಲಿ ಕೂತು, ಒಬ್ಬರ ಮಾತು ಒಬ್ಬರ ಕಿವಿಗೆ ಬೀಳದಂತೆ ಎಚ್ಚರ ವಹಿಸಿ, ಸರ್ವಾನುಮತದಿಂದ ಹೆತ್ತ ಮೌಲ್ಯಮಾಪನ ಪಟ್ಟಿಯಾದ ತಮಗೆ ನನ್ನ ಸಾವಿರ ನಮಸ್ಕಾರಗಳು. ಯಾವ ಕಾಲೇಜಿನ ಯಾವ ವಿದ್ಯಾರ್ಥಿ ಏನೇ ಬರೆದರೂ ತೀರಾ ಕೆಳಗಿನ ಒಂದರಿಂದ ಅತ್ಯುತ್ತಮವಾದ ನಾಲ್ಕರೊಳಗಿನ ಯಾವುದೋ ಒಂದು ಮಟ್ಟಕ್ಕೆ ತಂದು ನಿಲ್ಲಿಸುತ್ತೀರೆಂಬ ತಮ್ಮ ಕೀರ್ತಿ ನಮ್ಮ ನರ್ಸಿಂಗ್ ಕಾಲೇಜಿನ ಸ್ಟಾಫ್ ರೂಮಿಗೂ ಮುಟ್ಟಿದೆ. ಮುಟ್ಟಿದ್ದಷ್ಟೇ ಅಲ್ಲ, ನೀರಿನ ಫಿಲ್ಟರಿನ ಮೇಲಿನ ಗೋಡೆಗೆ ಅಂಟಿಕೊಂಡೂ ಇದೆ. ನೀರು ಕುಡಿಯಲು ಹೋದವರೆಲ್ಲ ತಮ್ಮ ದರ್ಶನ ಮಾಡಿಯೇ ಬರುತ್ತೇವೆ.

ತಾವು ಅವತರಿಸುವ ಮುಂಚೆ ನಮ್ಮ ಪಾಡು ಹೇಳತೀರದು. ವಿದ್ಯಾರ್ಥಿನಿ ಬರೆದ ವರದಿಯನ್ನು ಪೂರ್ತಿ ಓದಿ, ಇವಳು ರೋಗಿಯನ್ನು ಕಣ್ಣಿಟ್ಟು ನೋಡಿದ್ದಾಳೋ ಇಲ್ಲವೋ ಎಂದು ತಲೆ ಕೆಡಿಸಿಕೊಂಡು, ಸ್ವಂತ ಬುದ್ಧಿಯಿಂದ ಅಂಕ ಕೊಡುವ ಅನಾಗರಿಕ ಪದ್ಧತಿ ನಮ್ಮಲ್ಲಿತ್ತು. ಈಗ ಪೀಠಿಕೆ ಇದೆಯೇ, ಆಕರಗಳ ಉಲ್ಲೇಖವಿದೆಯೇ, ಉಪಸಂಹಾರವಿದೆಯೇ ಎಂದು ನೋಡಿ ಟಿಕ್ ಹಾಕಿದರೆ ಮುಗಿಯಿತು. ಕನ್ನಡಕ ಮರೆತು ಬಂದ ದಿನವೂ ಮೌಲ್ಯಮಾಪನ ನಿಲ್ಲುವುದಿಲ್ಲ.

ಇಷ್ಟೆಲ್ಲ ಉಪಕಾರದ ನಡುವೆ ನನ್ನದೊಂದು ಸಣ್ಣ ದೂರು. ನನ್ನ ತರಗತಿಯಲ್ಲಿ ಒಬ್ಬ ಮಿತಭಾಷಿ ಹುಡುಗಿ ಇದ್ದಾಳೆ. ಬಿದ್ದು ಆಸ್ಪತ್ರೆ ಸೇರಿದ್ದ ಅಜ್ಜಿಯೊಬ್ಬರ ಬಗ್ಗೆ ಅವಳು ಬರೆದ ವರದಿ ಇಷ್ಟೇ: ಅಜ್ಜಿ ನೋವಿಲ್ಲ ಎಂದರು, ಆದರೆ ಮಗ್ಗುಲು ಬದಲಿಸುವಾಗಲೆಲ್ಲ ಮಾತು ನಿಲ್ಲಿಸುತ್ತಿದ್ದರು, ಆದ್ದರಿಂದ ಹೋಗಿ ಡಾಕ್ಟರಿಗೆ ಹೇಳಿದೆ. ಡಾಕ್ಟರು ಎಕ್ಸ್‌ರೇ ತೆಗೆಸಿದಾಗ ಅಜ್ಜಿಯ ಪಕ್ಕೆಲುಬು ಬಿರುಕು ಬಿಟ್ಟಿತ್ತು. ಓದಿ ನನಗೆ ಹೆಮ್ಮೆಯಾಯಿತು, ನೇರವಾಗಿಯೇ ಹೇಳುತ್ತೇನೆ.

ತಮ್ಮ ಸನ್ನಿಧಿಯಲ್ಲಿ ನಡೆಯುವ ಹೊಂದಾಣಿಕೆ ಸಭೆಗೆ ಆ ವರದಿ ಬಂತು. ಎಲ್ಲ ಕಾಲೇಜಿನವರೂ ಒಂದೇ ವರದಿ ಓದಿ, ಎಷ್ಟನೇ ಮಟ್ಟವೋ ಅಷ್ಟು ಬೆರಳು ಎತ್ತಬೇಕೆಂಬುದು, ಎಲ್ಲರ ಬೆರಳೂ ಸಮವಾಗುವವರೆಗೆ ಮಾತುಕತೆ ನಡೆಸಬೇಕೆಂಬುದು ಅಲ್ಲಿನ ಸಂಪ್ರದಾಯ. ಪಕ್ಕದವರ ಬೆರಳು ಎಣಿಸಿಯೇ ತಮ್ಮದನ್ನು ಎತ್ತುವ ವಿದ್ವಾಂಸರೆಲ್ಲ ಒಂದು ಬೆರಳು ಎತ್ತಿದರು. ನಾನು ನಾಲ್ಕು ಎತ್ತಿದೆ. ಆಕರ ಎಲ್ಲಿ ಎಂದು ಒಬ್ಬರು ಕೇಳಿದರು. ಅಜ್ಜಿಯೇ ಆಕರ ಎಂದೆ. ಅಜ್ಜಿಯ ಪ್ರಕಟಣೆಯ ವರ್ಷ ನನಗೆ ಗೊತ್ತಿಲ್ಲದ ಕಾರಣ ಆ ವಾದ ಬಿದ್ದುಹೋಯಿತು. ಸಂಚಾಲಕಿಯವರು ಬಹಳ ಪ್ರೀತಿಯಿಂದ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ, ಊಟ ಆರಿ ಹೋಗ್ತಿದೆ" ಎಂದರು. ನಾನು ಕೈ ಇಳಿಸಲಿಲ್ಲ. ಆಗ ನನ್ನ ಕೈಯನ್ನೇ ಲೆಕ್ಕದಿಂದ ಬಿಟ್ಟರು, ಸಭೆಯಲ್ಲಿ ಸಂಪೂರ್ಣ ಸಹಮತ ಮೂಡಿತು, ಎಲ್ಲರೂ ಊಟಕ್ಕೆ ಎದ್ದರು.

ಮೊದಲ ಮಟ್ಟದವರು ವರದಿಯನ್ನು ತಿದ್ದಿ ಬರೆಯದೆ ಮುಂದಿನ ವರ್ಷಕ್ಕೆ ಹೋಗುವಂತಿಲ್ಲವಾದ್ದರಿಂದ ಹುಡುಗಿ ತಮ್ಮನ್ನು ಬಾಯಿಪಾಠ ಮಾಡಿದಳು. ಜಾಣೆ, ಬೇಗ ಕಲಿತಳು. ನೋವು ಮಾನವ ಜೀವನದ ಅವಿಭಾಜ್ಯ ಅಂಗವಾಗಿದೆ ಎಂದು ಶುರುವಾಗಿ ಪುಟಗಟ್ಟಲೆ ಹರಿದ ಅವಳ ಹೊಸ ವರದಿಯಲ್ಲಿ ಅಜ್ಜಿಯನ್ನು ನಾನು ಹುಡುಕಿ ಹುಡುಕಿ ಸೋತೆ. ಅದಕ್ಕೆ ನಾಲ್ಕನೇ ಮಟ್ಟ ಬಂತು, ಮಾದರಿ ವರದಿಯೆಂದು ಐದೂ ಕಾಲೇಜುಗಳಿಗೆ ಹೋಯಿತು.

ಮೊನ್ನೆ ವಾರ್ಡಿನಲ್ಲಿ ಅವಳನ್ನು ಕಂಡೆ. ರೋಗಿಯೊಬ್ಬರ ಪಕ್ಕ ಕೂತು, ತೊಂದರೆ ಏನಾದರೂ ಇದೆಯೇ ಎಂದು ಕೇಳಿದಳು. ಅವರು ಇಲ್ಲ ಎಂದರು. ಇಲ್ಲ ಎಂದು ಬರೆದಳು, ತಲೆ ಎತ್ತಲಿಲ್ಲ. ಹೊದಿಕೆಯಿಂದ ಹೊರಗೆ ಚಾಚಿದ್ದ ಅವರ ಪಾದ ಊದಿಕೊಂಡಿತ್ತು. ನಾನು ತೋರಿಸಿದಾಗ ಗಾಬರಿಯಿಂದ, "ಉಪಸಂಹಾರ ಬರೀತಿದ್ದೆ ಮೇಡಂ" ಎಂದಳು. ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ, ಅಳು ಬಂತು.

ಆದ್ದರಿಂದ ಮಹಾಶಯರೇ, ತಮ್ಮ ನಾಲ್ಕನೇ ಮಟ್ಟವನ್ನು ತಾವೇ ಇಟ್ಟುಕೊಂಡು ನಮ್ಮ ಮೊದಲ ಮಟ್ಟದ ಹುಡುಗಿಯನ್ನು ಮರಳಿ ಕಳಿಸಿಕೊಡಬೇಕಾಗಿ ಪ್ರಾರ್ಥನೆ. ಸಾಗಣೆಯ ಖರ್ಚು ನಾನೇ ಕೊಡುತ್ತೇನೆ.

ಇಂತಿ, ಲೆಕ್ಕದಿಂದ ಬಿಟ್ಟುಹೋದರೂ
ತಮ್ಮ ವಿಶ್ವಾಸಿ,
ನರ್ಸಿಂಗ್ ಅಧ್ಯಾಪಕಿ

ವಿ.ಸೂ.: ಸಂಚಾಲಕಿಯವರ ತಾಯಿ ನಿನ್ನೆ ನಮ್ಮ ವಾರ್ಡಿಗೆ ದಾಖಲಾಗಿದ್ದಾರೆ. "ಅಮ್ಮ ಏನೇ ಆದ್ರೂ ಬಾಯಿ ಬಿಡಲ್ಲ ಮೇಡಂ, ಆ ಪಕ್ಕೆಲುಬಿನ ವರದಿ ಬರೆದ ಹುಡುಗೀನೇ ಹಾಕಿಸಿ" ಎಂದು ಫೋನಿನಲ್ಲಿ ಕೇಳಿಕೊಂಡರು. ಆ ಹುಡುಗಿ ಈಗ ನಮ್ಮಲ್ಲಿಲ್ಲ, ಮಾದರಿ ವರದಿಯ ಹುಡುಗಿ ಇದ್ದಾಳೆ, ಅವಳನ್ನೇ ಕಳಿಸುತ್ತಿದ್ದೇನೆ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಎಂದೆ.