ಅತ್ತೆಯ ಸೂಜಿ, ಮೂರು ಸಿಬರು

ಸಿಬರು ತೆಗೆಯುವಾಗ ನನ್ನ ಸೋದರತ್ತೆಗೊಂದು ಚಾಳಿ: ಸೂಜಿ ಚರ್ಮಕ್ಕೆ ತಾಗಿದ ಕೂಡಲೇ ಎದುರು ಕೂತವರ ಮನೆಯ ಸುದ್ದಿ ಕೇಳುವುದು. ಮಾತಿನಲ್ಲಿ ನೋವು ಮರೆಯಲಿ ಎಂದು ಶುರುವಾದದ್ದು. ಸುದ್ದಿ ರುಚಿಯಾದರೆ ಸೂಜಿ ನಿಂತೇಬಿಡುತ್ತದೆ. ರಾಯಚೂರಿನ ನಮ್ಮ ಪಡಸಾಲೆಯಲ್ಲಿ ವಾರಕ್ಕೊಬ್ಬರಾದರೂ ಹೀಗೆ ಸಿಕ್ಕಿಬೀಳುತ್ತಾರೆ.

ನಾನು ಸಿಕಂದರಾಬಾದಿನ ಇಂಗ್ಲಿಷ್ ಶಾಲೆಯಿಂದ ರಜೆಗೆ ಬಂದವಳು. ಇನ್ನು ಓದಿದ್ದು ಸಾಕು ಎಂದುಬಿಟ್ಟಿದ್ದಾರೆ ಅಪ್ಪ. ತಮ್ಮ ಅಕ್ಕನ ಮಾತೊಂದನ್ನು ಮಾತ್ರ ಅವರು ಮೀರುವುದಿಲ್ಲ. ಆ ಅಕ್ಕನನ್ನು, ಅಂದರೆ ಅತ್ತೆಯನ್ನು, ನನ್ನ ಪರ ಮಾತಾಡಿ ಎಂದು ಕೇಳಲು ನನಗೆ ಬಾಯಿ ಬರದು. ಸೋಪು, ನೀರು ತಂದಿಟ್ಟು, ಸೂಜಿಯನ್ನು ಚಿಮಣಿಯ ಉರಿಗೆ ಹಿಡಿದು ಕೊಡುವುದಷ್ಟೇ ನನ್ನ ಕೆಲಸ.

"ಯುದ್ಧ ನಡದದ, ಚಿಮಣಿ ಎಣ್ಣಿ ಸಿಗವಲ್ದು. ಈಕಿ ಸೂಜಿಗೆ ಆರತಿ ಎತ್ತಾಕತ್ತಾಳ!" ಅನ್ನುತ್ತಾರೆ ಅತ್ತೆ.

೧. ಗಬ್ಬೂರಿನ ಗಾಡಿಯವ

ಅಂಗೈಯಲ್ಲಿ ನೊಗದ ಸಿಬರು.

"ಹೆಂಡ್ತಿ ಎಲ್ಲಿ?"

"ತವರಿಗೆ ಹೋಗ್ಯಾಳ್ರಿ."

"ಯಾಕ?" ಸೂಜಿ ನಿಂತಿತು.

"ಯವ್ವಾ, ಮೊದಲು ಸಿಬರು ತೆಗೀರಿ."

"ಮೊದಲು ನೀ ಆಕಿಗೆ ಏನಂದಿ, ಅದನ್ನ ಹೇಳು."

"ನಿನ್ನ ಸಾರಿನಕಿಂತ ಎತ್ತಿನ ಮುಸುರಿ ನೀರು ಛಲೋ ಅಂದ್ನಿರಿ."

ಅತ್ತೆ ಅರ್ಧ ತಾಸು ಬೈದರು. ಕಡೆಗೆ ಅವನೇ ಕೈ ಕಿತ್ತುಕೊಂಡು ಎದ್ದ. "ಬಿಡ್ರಿ ಯವ್ವಾ, ಆಕಿನ್ನ ಕರಕೊಂಡು ಬರತೀನಿ. ಸಿಬರು ಆಕೀನ ತೆಗೀಲಿ!"

೨. ಬಸ್ಸಿನ ಹಲಗೆ

ಮಾನ್ವಿಯಿಂದ ಬಸ್ಸಿನ ಮರದ ಹಲಗೆಯ ಮೇಲೆ ಕೂತು ಬಂದ ಗುಮಾಸ್ತರೊಬ್ಬರು ಗೋಡೆ ನೋಡುತ್ತಾ ನಿಂತರು. ನನಗೆ ತಿಳಿಯಿತು, ಸೂಜಿ ಅಲ್ಲೇ ಇಟ್ಟು ಅಡುಗೆಮನೆಗೆ ಓಡಿದೆ. ಅತ್ತೆಗೆ ತಿಳಿಯಲಿಲ್ಲ.

"ಕೂಡ್ರಿ."

"ಇರ್ಲಿ, ನಿಂದರತೀನಿ."

"ಕೂಡದ ನಾ ಹೆಂಗ ತೆಗೀಲ್ರಿ?"

"ಕೂಡಾಕ ಬರತಿದ್ರ ನಿಮ್ಮನಿಗೆ ಯಾಕ ಬರತಿದ್ನಿರಿ, ಯವ್ವಾ?"

೩. ನನ್ನದು

ಶಾಲೆ ತೆರೆಯಲು ನಾಲ್ಕು ದಿನವಿತ್ತು. ಯಾರಿಗೂ ಹೇಳದೆ ಅಟ್ಟದಿಂದ ನನ್ನ ಮರದ ಪೆಟ್ಟಿಗೆ ಇಳಿಸಲು ಹೋಗಿ ಹೆಬ್ಬೆರಳಿಗೆ ಸಿಬರು ಹೊಕ್ಕಿತು. ನಾನೇ ಸೂಜಿ ಕಾಸಿ ಕೊಟ್ಟು, ಪೆಟ್ಟಿಗೆ ಇಳಿಸುವಾಗ ಚುಚ್ಚಿತು ಎಂದಷ್ಟೇ ಹೇಳಿ ಅತ್ತೆಯ ಮುಂದೆ ಕೂತೆ.

"ಪೆಟ್ಟಿಗಿ ಯಾಕ ಇಳಿಸಾಕ ಹೋಗಿದ್ದಿ?"

ನಾನು ಅಟ್ಟದ ಕಡೆ ನೋಡಿದೆ. ಸೂಜಿ ನಿಂತಿತು.

"ಬಾಯಿ ಬಿಡು ಬೇ. ನೀ ಹೇಳೂತನಕ ಇದು ಬರಂಗಿಲ್ಲ."

ಬಾಗಿಲಲ್ಲಿ ಸರದಿಗೆ ಕೂತಿದ್ದ ಇಬ್ಬರು ಹೆಂಗಸರೂ ಕಿವಿಗೊಟ್ಟರು. ನೋವಿಗೋ ನಾಚಿಕೆಗೋ, ಒಂದೇ ಉಸಿರಿಗೆ ಹೇಳಿಬಿಟ್ಟೆ: ಮುಂದಿನ ವರ್ಷದ ಪರೀಕ್ಷೆ, ಆಮೇಲೆ ಡಾಕ್ಟರಿಕೆ ಓದುವ ಆಸೆ, ಎಲ್ಲ. ಊರವರ ಸುದ್ದಿಗೆ ತಾಸುಗಟ್ಟಲೆ ನಿಲ್ಲುತ್ತಿದ್ದ ಸೂಜಿ ನನ್ನ ಸುದ್ದಿಗೆ ಸರಸರ ಓಡಿತು. ಸಿಬರು ಹೊರಗೆ ಬಂತು.

"ಅತ್ತಿ, ಅಪ್ಪಗ ನೀವೊಂದು ಮಾತು ಹೇಳ್ರಿ."

ಅತ್ತೆ ನನ್ನ ಬೆರಳಿಗೆ ಅರಿಶಿನ ಒತ್ತಿ, ನನ್ನ ಮಾತು ಕೇಳಿಸದವರಂತೆ ಬಾಗಿಲ ಕಡೆ ತಿರುಗಿ ಕೂಗಿದರು: "ಮುಂದಿನವರು ಬರ್ರಿ!"