ಭೈರವಿಯ ಬೆನ್ನು ಹತ್ತಿ

ಕೆಲವರಿಗೆ ಹೋದಲ್ಲೆಲ್ಲ ಬಸ್ಸು ತಪ್ಪುತ್ತದೆ. ಕೆಲವರ ಎಲೆಯ ಹತ್ತಿರ ಬರುವಾಗಲೇ ಪಾಯಸ ಮುಗಿದುಹೋಗುತ್ತದೆ. ನನ್ನಿಂದ ಹೀಗೆ ತಪ್ಪಿಸಿಕೊಂಡು ಓಡಾಡುತ್ತಿದ್ದದ್ದು ಒಂದು ರಾಗ. ಒಂದು ಸಲವಾದರೆ ಗ್ರಹಚಾರ ಅನ್ನಬಹುದು. ವರ್ಗವಾಗಿ ಹೋದ ಊರಿನಲ್ಲೆಲ್ಲ ಅದೇ ಕಥೆಯಾದರೆ ಏನನ್ನಬೇಕು?

ನಾನು ಆಗ ರೇಷ್ಮೆ ಇಲಾಖೆಯ ನೌಕರ. ಹಿಪ್ಪುನೇರಳೆ ತೋಟ ನೋಡುವುದು, ಹುಳು ಸಾಕುವವರಿಗೆ ಬುದ್ಧಿ ಹೇಳುವುದು ನನ್ನ ಕೆಲಸ. ಹೋದ ಊರಿನ ರಾಮೋತ್ಸವದ ಸಮಿತಿಗೆ ನುಗ್ಗಿ ಸಂಗೀತ ಕಚೇರಿ ಏರ್ಪಡಿಸುವುದು ನನ್ನ ಚಟ. ಈ ಚಟಕ್ಕೆ ಕಾರಣ ಮೈಸೂರಿನ ಕಡೆಯ ಒಬ್ಬ ಹಿರಿಯ ವೀಣೆ ವಿದ್ವಾಂಸರು. ನಮ್ಮ ತಂದೆ ಎಳೆ ವಯಸ್ಸಿನಲ್ಲಿ ಅವರ ಭೈರವಿ ಕೇಳಿದ್ದರಂತೆ. ಊಟಕ್ಕೆ ಕೂತಾಗ ಅದು ನೆನಪಾದರೆ, "ಏನೇ ಅನ್ನು, ಆ ಭೈರವಿ..." ಅಂತ ಅನ್ನ ಕಲಸುವುದನ್ನು ನಿಲ್ಲಿಸಿಬಿಡುತ್ತಿದ್ದರು. ಸಾರು ಆರುತ್ತಿತ್ತು, ಅಮ್ಮ ರೇಗುತ್ತಿದ್ದಳು. ತಂದೆ ತೀರಿಕೊಂಡ ಮೇಲೆ ನನಗೊಂದು ಹಟ ಹಿಡಿಯಿತು. ಆ ಭೈರವಿಯನ್ನು ಒಂದೇ ಒಂದು ಸಲ ಮೊದಲಿಂದ ಕೊನೆಯವರೆಗೆ ಕೇಳಬೇಕು.

ವಿದ್ವಾಂಸರಿಗೆ ಎಪ್ಪತ್ತು ದಾಟಿತ್ತು. ಮೂಗಿನ ಒಳಗೆ ನಸ್ಯ, ತುದಿಯಲ್ಲಿ ಕೋಪ. ಅವರದೊಂದು ನಿಯಮವಿತ್ತು. ಭೈರವಿ ಎತ್ತಿಕೊಂಡ ಮೇಲೆ ಅದು ಮುಗಿಯುವ ತನಕ ಅವರು ಮಾತಾಡುವಂತಿಲ್ಲ. ಒಂದು ಮಾತು ಬಾಯಿಂದ ಬಿದ್ದರೂ ರಾಗ ಮುರಿದಂತೆ. ಅವತ್ತು ಮತ್ತೆ ಅದನ್ನು ಮುಟ್ಟುತ್ತಿರಲಿಲ್ಲ.

ನಾನೋ, ಕೂತಲ್ಲಿ ಕೂರುವ ಆಸಾಮಿಯಲ್ಲ. ಕಚೇರಿ ಶುರುವಾದರೆ ಸಾಕು, ಏನು ಅಡ್ಡಿ ಬರುತ್ತದೋ ಎಂಬ ದಿಗಿಲಿನಲ್ಲಿ ಬಾಗಿಲಿಗೂ ವೇದಿಕೆಗೂ ತಿರುಗುತ್ತಿದ್ದೆ. ಕೆಮ್ಮುವವರನ್ನು ಎಬ್ಬಿಸಿ ಕಳಿಸುತ್ತಿದ್ದೆ, ಪಿಸುಗುಟ್ಟುವವರನ್ನು ದುರುಗುಟ್ಟಿ ನೋಡುತ್ತಿದ್ದೆ. "ನೀವೊಬ್ರು ಸುಮ್ನೆ ಕೂತ್ರೆ ಅರ್ಧ ಗಲಾಟೆ ಕಮ್ಮಿ ಆಗುತ್ತೆ ಕಣ್ರೀ" ಅಂತ ನನ್ನ ಹೆಂಡತಿ ಅನ್ನುತ್ತಿದ್ದಳು. ನಾನು ಅವಳನ್ನೂ ದುರುಗುಟ್ಟಿ ನೋಡುತ್ತಿದ್ದೆ.

ಮೈಕು

ಮೊದಲನೆಯದು ಚಿಕ್ಕಬಳ್ಳಾಪುರದ ಒಂದು ಸಣ್ಣ ಛತ್ರದಲ್ಲಿ. ವೀಣೆಯ ದನಿ ಸಣ್ಣದು, ಹಿಂದೆ ಕೂತವರಿಗೂ ಕೇಳಲಿ ಅಂತ ಮೈಕು ತರಿಸಿದ್ದೆ. ಮೈಕಿನ ಯಜಮಾನ ಅದೇ ಸಂಜೆಗೆ ಪೆರೇಸಂದ್ರದ ಮದುವೆಯೊಂದನ್ನೂ ಒಪ್ಪಿಕೊಂಡಿದ್ದ. ಆ ಸಂಗತಿ ನನಗೆ ತಿಳಿದದ್ದು ಮದುವೆ ಮನೆಯ ಎತ್ತಿನ ಗಾಡಿ ಛತ್ರದ ಮುಂದೆ ಬಂದು ನಿಂತಾಗ.

ಆ ಹೊತ್ತಿಗೆ ಸರಿಯಾಗಿ ಒಳಗೆ ಭೈರವಿ ಶುರುವಾಯಿತು. ಎತ್ತುಗಳು ತಲೆ ಕೊಡವಿದರೆ ಗಂಟೆ ಗಲಗಲ ಅನ್ನುತ್ತಿತ್ತು. ನಾನು ಹೊರಗೆ ಓಡಿ, ಎರಡು ಎತ್ತಿನ ಕೊರಳಗಂಟೆಯನ್ನೂ ಎರಡು ಕೈಯಲ್ಲಿ ಹಿಡಿದು ನಿಂತೆ. ಅಲ್ಲಿಂದಲೇ ಕಿಟಕಿಯಲ್ಲಿ ನೋಡುತ್ತೇನೆ, ಮೈಕಿನವನು ಬಗ್ಗಿ ಬಗ್ಗಿ ವೇದಿಕೆ ಹತ್ತುತ್ತಿದ್ದಾನೆ. ಭಕ್ತಿ ಉಕ್ಕಿ ನಮಸ್ಕಾರ ಮಾಡಲು ಬಂದ ಅಂದುಕೊಂಡೆ. ನಮಸ್ಕಾರವನ್ನೂ ಮಾಡಿದ. ಆಮೇಲೆ ಮೈಕಿನ ತಿರುಪು ಬಿಚ್ಚತೊಡಗಿದ.

ವಿದ್ವಾಂಸರು ಹುಬ್ಬು ಗಂಟಿಕ್ಕಿದರು. ಅವನು ಅವರ ಕಿವಿಯ ಹತ್ತಿರ ಬಗ್ಗಿದ. ಮೈಕು ಇನ್ನೂ ಬಂದ್ ಆಗಿರಲಿಲ್ಲವಾದ್ದರಿಂದ ಅವನ ಗುಟ್ಟು ಛತ್ರಕ್ಕೆಲ್ಲ ಕೇಳಿಸಿತು.

"ನೀವು ನುಡಿಸ್ತಾ ಇರಿ ಸಾಮಿ, ನಂಗೇನೂ ತೊಂದ್ರೆ ಇಲ್ಲ. ನನ್ ಪಾಡಿಗೆ ನಾನು ಬಿಚ್ಕೊಂಡ್ ಹೋಗ್ತೀನಿ."

"ವೀಣೇನೂ ಬಿಚ್ಕೊಂಡು ಹೋಗಯ್ಯಾ!" ಅಂತ ಗುಡುಗಿದರು ವಿದ್ವಾಂಸರು. ಮಾತು ಬಿತ್ತು, ಭೈರವಿ ಮುರಿಯಿತು.

ಮೈಕಿನವನು ಗಾಬರಿಯಿಂದ ಕೈಮುಗಿದ. "ಬ್ಯಾಡಿ ಸಾಮಿ, ಮದುವೆಗೆ ಓಲಗದೋರು ಆಗ್ಲೇ ಬಂದವ್ರೆ."

ಸಮಯಕ್ಕೆ ಬಂದ ರೈಲು

ಎರಡು ವರ್ಷ ಕಳೆದು ಗೌರಿಬಿದನೂರಿನಲ್ಲಿದ್ದಾಗ ಮತ್ತೆ ಅವರನ್ನು ಕರೆಸಿದೆ. ಈ ಸಲ ಮೈಕಿಲ್ಲ. ಸ್ಟೇಷನ್ನಿನ ಹತ್ತಿರದ ಬೆಲ್ಲದ ಮಂಡಿಯ ಹಜಾರ. ವಿದ್ವಾಂಸರು ಸಂಜೆಯ ಪ್ಯಾಸೆಂಜರ್ ಗಾಡಿಗೆ ಬೆಂಗಳೂರಿಗೆ ಹೊರಡುವವರಿದ್ದರು. ಗಾಡಿ ಹೇಗೂ ತಡವಾಗಿಯೇ ಬರುತ್ತದೆ ಅಂತ ಮಂಡಿಯ ಸಾಹುಕಾರರು ಧೈರ್ಯ ಹೇಳಿದ್ದರು. ನಾನು ಬಾಗಿಲುಗಳನ್ನೆಲ್ಲ ಒಳಗಿಂದ ಹಾಕಿಸಿದೆ.

ಭೈರವಿ ಮಧ್ಯಕ್ಕೆ ಬಂದಿತ್ತು. ಕಿಟಕಿಯಲ್ಲಿ ಸ್ಟೇಷನ್ನಿನ ಕೂಲಿಯ ತಲೆ ಕಾಣಿಸಿತು. "ಸಾಮೀ, ಬಂಡಿ ವಚ್ಚೇಸಿಂದಿ!" ಗಾಡಿ ಬಂದೇಬಿಟ್ಟಿದೆ ಅಂತ ತೆಲುಗಿನಲ್ಲಿ ಕೂಗಿದ. ನಾನು ಓಡಿಹೋಗಿ ಅವನ ಬಾಯಿ ಮುಚ್ಚುವ ಮೊದಲೇ ಇಂಜಿನ್ನು ತಾನೇ ಕೂಗಿತು. ಅದರ ಬಾಯಿ ಮುಚ್ಚುವುದು ಹೇಗೆ?

ವಿದ್ವಾಂಸರು ಮಾತಾಡಲಿಲ್ಲ. ಬಾಯಲ್ಲಿ ಭೈರವಿಯನ್ನು ಗುನುಗುತ್ತಲೇ ವೀಣೆ ಎತ್ತಿಕೊಂಡು ಎದ್ದರು. ರಾಗ ಮುರಿಯಬಾರದಲ್ಲ! ಗುನುಗುತ್ತಲೇ ಚಪ್ಪಲಿ ಮೆಟ್ಟಿದರು, ಗುನುಗುತ್ತಲೇ ರಸ್ತೆ ದಾಟಿದರು. ಹಿಂದೆ ಮೃದಂಗದವನು, ಅವನ ಹಿಂದೆ ಇಡೀ ಸಭೆ. ದಾರಿಯಲ್ಲಿ ಹೋಗುತ್ತಿದ್ದವರು ಯಾವುದೋ ದೇವರು ಬರುತ್ತಿದೆ ಅಂತ ಪಕ್ಕಕ್ಕೆ ಸರಿದು ಕೈಮುಗಿದರು. ವಿದ್ವಾಂಸರು ಮೂರನೇ ದರ್ಜೆಯ ಡಬ್ಬಿ ಹತ್ತಿ, ಕಾಲು ಮಡಿಸಿ ಕೂತು, ಬಿಟ್ಟಲ್ಲಿಂದಲೇ ನುಡಿಸತೊಡಗಿದರು. ಗಾಡಿ ಹೊರಟಿತು. ಮಾರನೆಯ ದಿನ ನನ್ನ ಸಾಹೇಬರು ತನಿಖೆಗೆ ಬರುವವರಿದ್ದರು, ಹತ್ತುವ ಹಾಗಿಲ್ಲ. ಪ್ಲಾಟ್‌ಫಾರಂ ಮುಗಿಯುವ ತನಕ ಕಿಟಕಿಯ ಜೊತೆ ಓಡುತ್ತ ಕೇಳಿದೆ.

ಅವರು ಮಾಕಳಿದುರ್ಗದ ಹತ್ತಿರ ಭೈರವಿ ಮುಗಿಸಿದರಂತೆ. ಆಮೇಲೆ ಸಿಕ್ಕಾಗ ಮೃದಂಗದವನು ಹೇಳಿದ. ಎದುರಿಗೆ ಕೋಳಿಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬಳು ಕಣ್ಣೊರೆಸಿಕೊಂಡು, "ಪಾಪ, ವಯಸ್ಸಾದ ಜೀವ" ಅಂತ ಅವರ ಕೈಗೆ ಒಂದು ಮೊಟ್ಟೆ ಕೊಟ್ಟಳಂತೆ. ಮಡಿ ಮೈಲಿಗೆಯ ಮನುಷ್ಯ, ತಬ್ಬಿಬ್ಬಾದರಂತೆ. ಆದರೂ ಬೆಂಗಳೂರಿನವರೆಗೆ ಅದನ್ನು ಅಂಗೈಯಲ್ಲೇ ಇಟ್ಟುಕೊಂಡು, "ಬಿಸಾಕೋ ಹಾಗಿಲ್ಲ ಕಣಯ್ಯಾ, ಪೂರ್ತಿ ಕೇಳಿ ಕೊಟ್ಟಿದ್ದಾಳೆ" ಅಂದರಂತೆ.

ಕೆಳಗೇ ಇರಿ ಸ್ವಾಮಿ

ಅಜ್ಜಿ ಪೂರ್ತಿ ಕೇಳಿದಳು, ಕೋಳಿಗಳೂ ಕೇಳಿದವು, ನಾನು ಕೇಳಲಿಲ್ಲ. ಆ ಸಂಕಟ ನನ್ನ ಜೊತೆ ಚಿಂತಾಮಣಿಗೂ ವರ್ಗವಾಗಿ ಬಂತು. ಅಲ್ಲಿ ಪರಿಚಯದ ವ್ಯಾಪಾರಿಯೊಬ್ಬರ ಮನೆಯಲ್ಲಿ ಮೊಮ್ಮಗಳ ನಾಮಕರಣ. ವೀಣೆ ಕಚೇರಿ ಇಟ್ಟರೆ ಮಗುವಿಗೆ ಶ್ರೇಯಸ್ಸು ಅಂತ ಅವರನ್ನು ಹಿಡಿದು ಒಪ್ಪಿಸಿದೆ. ಮೈಕಿಲ್ಲ, ರೈಲಿನ ಅವಸರವಿಲ್ಲ, ವಿದ್ವಾಂಸರು ರಾತ್ರಿ ಅಲ್ಲೇ ತಂಗುತ್ತಾರೆ. ಇನ್ನೇನು ಬೇಕು?

ಮಗು ಮಾತ್ರ ಹುಟ್ಟಿದಾಗಿನಿಂದ ಅಳು ನಿಲ್ಲಿಸಿರಲಿಲ್ಲ. ಮನೆಯವರೆಲ್ಲ ನಿದ್ದೆಗೆಟ್ಟು ಕೆಂಗಣ್ಣು ಮಾಡಿಕೊಂಡು ಕೂತಿದ್ದರು. ವಿದ್ವಾಂಸರು ಕೆಳಗಿನ ತಂತಿಗಳಲ್ಲಿ ಮೆಲ್ಲಗೆ ಭೈರವಿ ಎತ್ತಿಕೊಂಡರು. ಮಗು ಗಪ್ ಚಿಪ್. ತೊಟ್ಟಿಲಲ್ಲೇ ನಿದ್ದೆ ಹೋಯಿತು. ಮಗುವಿನ ಅಜ್ಜಿ ದೇವರಮನೆಯ ಕಡೆ ತಿರುಗಿ ಕೆನ್ನೆ ಬಡಿದುಕೊಂಡಳು.

ಒಂದಿಷ್ಟು ಹೊತ್ತಾದ ಮೇಲೆ ರಾಗ ಮೇಲಕ್ಕೆ ಏರಿತು. ಮಗು ಕುಂಯ್ ಅಂತು. ಅಜ್ಜಿ ನೆಟ್ಟಗೆ ವೇದಿಕೆಯ ಮುಂದೆ ಬಂದು ಕೈಮುಗಿದಳು. "ಪೈಕಿ ಪೋವದ್ದು ಸಾಮಿ, ಪಾಪ ಲೇಸ್ತಾದಿ." ಮೇಲೆ ಹೋಗಬೇಡಿ, ಮಗು ಏಳುತ್ತೆ. ಮಾತಾಡುವಂತಿಲ್ಲದ ವಿದ್ವಾಂಸರು ತಲೆಯಾಡಿಸಿ ಕೆಳಗಿಳಿದರು. ಮತ್ತೆ ಮೆಲ್ಲಗೆ ಏರಿದರೆ ಮತ್ತೆ ಕುಂಯ್. ಈಗ ಅಜ್ಜಿ, ವ್ಯಾಪಾರಿ, ಅಳಿಯಂದಿರು ಎಲ್ಲರೂ ಅಂಗೈ ಬೋರಲು ಮಾಡಿ "ಕೆಳಗೆ, ಕೆಳಗೆ" ಅಂತ ಸನ್ನೆ ಮಾಡಿದರು. ಪಾಪ, ವಿದ್ವಾಂಸರು ನೆಲಮಾಳಿಗೆಯಲ್ಲಿ ಸಿಕ್ಕಿಬಿದ್ದವರ ಹಾಗೆ ಕೆಳಗೇ ಸುತ್ತಾಡಿದರು.

ಸ್ವಲ್ಪ ಹೊತ್ತಿಗೆ ಮನೆಗೆ ಮನೆಯೇ ಗೊರಕೆ ಹೊಡೆಯುತ್ತಿತ್ತು. ಮಗುವಿಗೂ ಗಾಢ ನಿದ್ದೆ. ಇದೇ ಸಮಯ ಅಂತ ವಿದ್ವಾಂಸರು ನನ್ನತ್ತ ಕಣ್ಣು ಮಿಟುಕಿಸಿ, ಬೆಕ್ಕಿನ ಹಾಗೆ ಒಂದೊಂದೇ ಮೆಟ್ಟಿಲು ಮೇಲಕ್ಕೆ ಹತ್ತತೊಡಗಿದರು. ನನಗೆ ಮೈ ಜುಮ್ಮೆಂದಿತು. ಈಗ ಯಾರಾದರೂ ಹೊರಗಿನಿಂದ ಬಂದುಬಿಟ್ಟರೆ? ಸುಮ್ಮನೆ ಕೂರಲಾಗಲಿಲ್ಲ. ತುದಿಗಾಲಲ್ಲಿ ಹೋಗಿ ಬೀದಿಬಾಗಿಲನ್ನು ಮುಂದಕ್ಕೆ ಹಾಕಿದೆ.

ಬಾಗಿಲು ಕಿರ್ರ್ ಅಂತು. ಮಗು ಕಿಟಾರನೆ ಕಿರುಚಿತು. ಮನೆಯೆಲ್ಲ ಎದ್ದು ಕೂತಿತು. ವಿದ್ವಾಂಸರ ಬಾಯಿಂದ ಮಾತು ಬಿತ್ತು.

"ಒಂದು ಕಡೆ ಕೂತ್ಕೊಳ್ಳೋದು ಕಲಿಯಯ್ಯಾ, ಆಮೇಲೆ ಭೈರವಿ!"

ಹುಳುವಿನ ಮನೆ

ಮುಂದಿನ ವರ್ಗ ಶಿಡ್ಲಘಟ್ಟಕ್ಕೆ. ಅಷ್ಟರಲ್ಲಿ ವಿದ್ವಾಂಸರ ಬೆರಳು ನಡುಗತೊಡಗಿತ್ತು. "ಈ ರಾಮೋತ್ಸವವೇ ಕೊನೆ, ಆಮೇಲೆ ವೀಣೆಗೆ ಬಟ್ಟೆ ಸುತ್ತಿ ಇಡ್ತೀನಿ" ಅಂದುಬಿಟ್ಟಿದ್ದರು. ಈ ಸಲ ತಪ್ಪಿದರೆ ಆಯಿತು, ಶಾಶ್ವತವಾಗಿ ತಪ್ಪಿದಂತೆ.

ಕಚೇರಿ ಇಟ್ಟದ್ದು ಮೇಲೂರಿನ ಒಂದು ದೊಡ್ಡ ರೈತಮನೆಯ ಪಡಸಾಲೆಯಲ್ಲಿ. ಆ ಮನೆಯ ಯಜಮಾನಿಯನ್ನು ಊರೇ ದೊಡ್ಡಮ್ಮ ಅನ್ನುತ್ತಿತ್ತು. ಪಡಸಾಲೆಯ ಪಕ್ಕದ ಕೋಣೆಯಲ್ಲಿ ರೇಷ್ಮೆಹುಳು. ಬಿದಿರಿನ ತಟ್ಟೆಗಳ ತುಂಬ ಬೆರಳು ಗಾತ್ರದ ಹುಳುಗಳು ಸೊಪ್ಪು ಮೇಯುತ್ತಿದ್ದವು.

ವಿದ್ವಾಂಸರು ಬಂದು ಕೂತು ಕಿವಿಗೊಟ್ಟರು. "ಏನಯ್ಯಾ, ಮಳೆಯೇ?"

"ಅಲ್ಲ, ಹುಳು ಮೇಯೋ ಸದ್ದು."

"ನನ್ನ ವೀಣೆಗಿಂತ ಜೋರಾಗಿದೆಯಲ್ಲೋ!" ಅನ್ನುತ್ತ ಸೊಂಟದಿಂದ ನಸ್ಯದ ಡಬ್ಬಿ ತೆಗೆದರು.

ದೊಡ್ಡಮ್ಮ ಹಾರಿ ಬಂದಳು. "ಅಯ್ಯಯ್ಯೋ! ಹೊಗೆಸೊಪ್ಪಿನ ಘಾಟು ತಗುಲಿದ್ರೆ ಹುಳ ಸಾಯ್ತವೆ ಸಾಮಿ. ಈ ಸಾರೇ ಹೇಳವ್ರೆ!" ಅಂತ ನನ್ನ ಕಡೆ ಕೈ ತೋರಿಸಿದಳು. ಹೌದು, ಆ ಊರಿನ ಜಗಲಿ ಜಗಲಿಯ ಮೇಲೂ ಅದನ್ನೇ ಉಪದೇಶ ಮಾಡಿದವನು ನಾನೇ. ಬೀಡಿ ಬೇಡ, ನಸ್ಯ ಬೇಡ, ಊದುಬತ್ತಿ ಬೇಡ. ವಿದ್ವಾಂಸರು ನನ್ನನ್ನು ನೋಡಿದ ನೋಟಕ್ಕೆ ಹುಳುವಲ್ಲ, ಆನೆಯೂ ಸಾಯುತ್ತಿತ್ತು.

ಪ್ರತಿ ಕೃತಿಯಾದ ಮೇಲೂ ಅವರು ರಸ್ತೆಗೆ ಹೋಗಿ ನಸ್ಯ ಏರಿಸಿ ಬರಬೇಕು. ಬಾಗಿಲಲ್ಲಿ ದೊಡ್ಡಮ್ಮ ಚೊಂಬು ಹಿಡಿದು ನಿಂತಿರುತ್ತಿದ್ದಳು. ಕೈ ತೊಳೆಸಿ, ಮುಖ ತೊಳೆಸಿ, ಮೂಸಿ ನೋಡಿ ಒಳಗೆ ಬಿಡುತ್ತಿದ್ದಳು. ಕಡೆಗೆ ರೋಸಿಹೋಗಿ, ನಸ್ಯವಿಲ್ಲದೆಯೇ ಭೈರವಿಗೆ ಕೂತರು.

ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ಒಂದು ವಿಚಿತ್ರ ನಡೆಯಿತು. ಪಕ್ಕದ ಕೋಣೆಯ ಮಳೆಯ ಸದ್ದು ಕಡಿಮೆಯಾಗುತ್ತ ಬಂದು ನಿಂತೇಹೋಯಿತು. ವಿದ್ವಾಂಸರ ಮುಖ ಅರಳಿತು. ಹುಳುಗಳು ಕೂಡ ಮೇವು ಬಿಟ್ಟು ಕೇಳುತ್ತಿವೆ! ನನಗೂ ಹಾಗೇ ಅನ್ನಿಸಿ ಕಣ್ಣು ತುಂಬಿತು. ರೇಷ್ಮೆ ಇಲಾಖೆಯ ಸಂಬಳ ತಿನ್ನುವವನಿಗೆ ಬೇರೆ ಅರ್ಥ ಹೊಳೆಯಬೇಕಾಗಿತ್ತು, ಹೊಳೆಯಲಿಲ್ಲ. ಸಭೆಗೆ ಹೊಳೆಯಿತು.

"ಹುಳ ಹಣ್ಣಾಯ್ತು!" ಅಂತ ದೊಡ್ಡಮ್ಮ ಕೂಗಿದಳು. ಹಣ್ಣಾದ ಹುಳು ಮೇವು ಬಿಡುತ್ತದೆ, ಗೂಡು ಕಟ್ಟಲು ತವಕಿಸುತ್ತದೆ. ತಕ್ಷಣ ಅದನ್ನು ಆಯ್ದು ಚಂದ್ರಿಕೆ ಎಂಬ ಬಿದಿರಿನ ಗೂಡುತಟ್ಟೆಗೆ ಬಿಡಬೇಕು, ಇಲ್ಲದಿದ್ದರೆ ಬೆಳೆ ಕೆಟ್ಟಂತೆ. ಕೂತಿದ್ದವರೆಲ್ಲ ಹುಳು ಸಾಕುವವರೇ, ಒಬ್ಬರ ಮನೆಯ ಹುಳು ಹಣ್ಣಾದರೆ ಎಲ್ಲರೂ ಕೈ ಹಾಕುವವರೇ. ಪಡಸಾಲೆ ಕ್ಷಣದಲ್ಲಿ ಖಾಲಿಯಾಯಿತು. "ಸಾರ್, ನೀವೂ ಬರ್ರಿ!" ಅಂತ ದೊಡ್ಡಮ್ಮ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೋದಳು.

ಮುಗಿಯಿತು ಅಂದುಕೊಂಡೆ. ನನ್ನ ಕೈಗೆ ಹಣ್ಣಾದ ಹುಳುಗಳ ತಟ್ಟೆಯೊಂದು ಬಂತು. "ಹಿಡ್ಕೊಂಡ್ ನಿಂತ್ಕಳಿ. ಅಲ್ಲಾಡಿದ್ರೆ ಬಿದ್ದೋಗ್ತವೆ." ನಿಂತೆ. ತಂದೆಯ ಮುಖ ನೆನಪಾಯಿತು.

ಆಗ ಹಿಂದಿನಿಂದ ಗುನುಗು ಕೇಳಿಸಿತು. ವಿದ್ವಾಂಸರು ವೀಣೆ ಎತ್ತಿಕೊಂಡು, ಬಾಯಲ್ಲಿ ಭೈರವಿ ಬಿಡದೆ, ಹೊಸ್ತಿಲು ದಾಟಿ ಒಳಗೆ ಬಂದರು. ತಟ್ಟೆಗಳ ನಡುವೆ ನೆಲದ ಮೇಲೆ ಕೂತರು. ದೊಡ್ಡಮ್ಮ ಬಗ್ಗಿ ಅವರನ್ನೊಮ್ಮೆ ಮೂಸಿ, ಸರಿ ಅಂತ ತಲೆಯಾಡಿಸಿದಳು. ಅವರು ನುಡಿಸತೊಡಗಿದರು.

ಎಲ್ಲರ ಕೈಯಲ್ಲೂ ಹುಳು, ಯಾರೂ ಎದ್ದು ಹೋಗುವಂತಿಲ್ಲ. ಹುಳು ಬೆದರಬಾರದು ಅಂತ ಯಾರೂ ಮಾತಾಡಲಿಲ್ಲ. ನಾನು ಅಲ್ಲಾಡುವಂತಿಲ್ಲ. ಭೈರವಿ ಕೆಳಗಿಂದ ಎದ್ದಿತು, ಚಿಂತಾಮಣಿಯಲ್ಲಿ ನಿಂತ ಮೆಟ್ಟಿಲನ್ನು ದಾಟಿತು, ಮೇಲೆ ಹೋಯಿತು, ಇನ್ನೂ ಮೇಲೆ ಹೋಯಿತು. ನಡುಗುವ ಬೆರಳೇ ಅದಕ್ಕೊಂದು ಅಳುಕು ಸೇರಿಸುತ್ತಿತ್ತು. ತಂದೆ ಯಾಕೆ ಅನ್ನ ಕಲಸುವುದನ್ನು ನಿಲ್ಲಿಸುತ್ತಿದ್ದರು ಅಂತ ಅವತ್ತು ನನಗೆ ಗೊತ್ತಾಯಿತು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟುವ ಹಾಗೂ ಇರಲಿಲ್ಲ. ವಿದ್ವಾಂಸರು ಚಂದ್ರಿಕೆಗಳನ್ನು ನೋಡುತ್ತ ಕೂತರು. ಗೂಡು ಕಟ್ಟಲು ಹೊರಟ ಹುಳುಗಳೆಲ್ಲ ತಲೆಯೆತ್ತಿ ಆಚೆಗೂ ಈಚೆಗೂ ತೂಗಾಡಿಸುತ್ತಿದ್ದವು.

"ನೋಡಯ್ಯಾ," ಅಂದರು ಮೆಲ್ಲಗೆ, "ಅರಮನೆಯಲ್ಲೂ ಇಷ್ಟು ತಲೆ ಆಡಿದ್ದು ಕಂಡಿಲ್ಲ."

"ಅವು ಗೂಡಿಗೆ ಜಾಗ ಹುಡುಕ್ತಾ ಅವೆ..." ಅಂತ ದೊಡ್ಡಮ್ಮ ಬಾಯಿ ತೆರೆದಳು. ನಾನು ಕಣ್ಣು ದೊಡ್ಡದು ಮಾಡಿದೆ. ಅವಳು ನುಂಗಿಕೊಂಡು, "ಹೂಂ ಸಾಮಿ, ನಮ್ ಹುಳ ಮೊದ್ಲಿಂದ ಹಂಗೇ" ಅಂದಳು.

ಮುಂದಿನ ವರ್ಷ ಬೆಂಗಳೂರಿನವರು ಯಾರೋ ಕಚೇರಿಗೆ ಕರೆಯಲು ಹೋದರಂತೆ. ದೊಡ್ಡ ಹಾಲು, ಫ್ಯಾನು, ತುಂಬ ಜನ ಬರುತ್ತಾರೆ ಅಂತ ಆಸೆ ತೋರಿಸಿದರಂತೆ. "ಜನ ಹಾಗಿರಲಿ, ಹುಳು ಎಷ್ಟು ಬರ್ತವೆ?" ಅಂತ ಕೇಳಿದರಂತೆ ವಿದ್ವಾಂಸರು.

ಮೇಲೂರಿನ ಕಚೇರಿಯ ದಿನ ಮನೆಗೆ ಬಂದು ಹೆಂಡತಿಗೆ, ಭೈರವಿ ಪೂರ್ತಿ ಕೇಳಿದೆ, ನಿಂತಲ್ಲಿಂದ ಒಂದಿಷ್ಟೂ ಅಲ್ಲಾಡದೆ ಕೇಳಿದೆ ಅಂದೆ. "ನೀವಾ? ಅಲ್ಲಾಡದೆನಾ?" ಅಂತ ನಕ್ಕಳು. ನಗುತ್ತ ನನ್ನ ಕೊರಳ ಹತ್ತಿರ ಬಗ್ಗಿ ನೋಡಿದಳು. ಷರಟಿನ ಕಾಲರಿನ ಮಡಿಕೆಯಲ್ಲಿ ಹುಳುವೊಂದು ಜಾಗ ಮಾಡಿಕೊಂಡು, ಹಳದಿ ಎಳೆ ಸುತ್ತಿ ಅರ್ಧ ಗೂಡು ಕಟ್ಟಿಬಿಟ್ಟಿತ್ತು.

ಆ ಷರಟನ್ನು ಅವಳು ಮತ್ತೆ ಒಗೆಯಲು ಹಾಕಲಿಲ್ಲ. ಗೋಡೆಯ ಗೂಟಕ್ಕೆ ತಗುಲಿಸಿ, ಮನೆಗೆ ಬಂದವರಿಗೆಲ್ಲ ಕಾಫಿಗೆ ಮೊದಲು ಅದನ್ನೇ ತೋರಿಸುತ್ತಿದ್ದಳು: "ನೋಡಿ, ನಮ್ಮ ಯಜಮಾನ್ರು ಒಂದ್ಸಲ ಸುಮ್ನೆ ನಿಂತಿದ್ರು."