ಸಗಣಿ ರಾಷ್ಟ್ರಗಳ ಒಕ್ಕೂಟ

ಅರಬ್ಬರು ಎಣ್ಣೆ ಬೆಲೆ ಏರಿಸಿದಾಗ ತಿಪಟೂರು ಸೀಮೆಯಲ್ಲಿ ಖುಷಿಪಟ್ಟ ಒಬ್ಬನೇ ಒಬ್ಬ ಮನುಷ್ಯ ನನ್ನ ಸೋದರಮಾವ! ಅವನಿಗಿದ್ದದ್ದು ಎತ್ತಿನ ಗಾಡಿ. ಪೆಟ್ರೋಲು ಮುಗಿಲಿಗೇರಿದರೆ ಅವನ ಎತ್ತುಗಳಿಗೇನು?

ಸಂತೋಷಕ್ಕೆ ಕಾರಣ ಬೇರೆಯಿತ್ತು. ಇಷ್ಟು ದಿನ ಎಣ್ಣೆ ಒಬ್ಬರದು, ಕಾನೂನು ಇನ್ನೊಬ್ಬರದು ಆಗಿತ್ತಂತೆ. ಈಗ ಎಣ್ಣೆಯವರೇ ಒಟ್ಟಾಗಿ ಕಾನೂನು ಬರೆಯುತ್ತಿದ್ದರಂತೆ. ಅಷ್ಟರಲ್ಲಿ ಬೊಂಬಾಯಿ ಸಮುದ್ರದಲ್ಲಿ ನಮಗೂ ಎಣ್ಣೆ ಸಿಕ್ಕಿತು ಎಂದು ರೇಡಿಯೋ ಹೇಳಿತು. ಆಮೇಲೆ ಮಾವನನ್ನು ಹಿಡಿಯುವವರುಂಟೆ? ಕಿಬ್ಬನಹಳ್ಳಿ ಕ್ರಾಸಿನ ಹೋಟೆಲಿನಲ್ಲಿ ಬಸ್ಸಿಗೆ ಕಾದವರನ್ನೆಲ್ಲ ಕೂರಿಸಿಕೊಂಡು ಲೋಕದ ಇಂಧನ ವ್ಯವಸ್ಥೆಯನ್ನೇ ತಿದ್ದತೊಡಗಿದ.

“ಇನ್ಮ್ಯಾಕೆ ಇಂಡಿಯಾನ ಕೇಳ್ದೆ ಯಾವನೂ ಎಣ್ಣೆ ರೂಲ್ಸು ಮಾಡಂಗಿಲ್ಲ ಕಣ್ಲಾ. ಕುರ್ಚಿ ಹಾಕಿ ಕರೀಬೇಕು ನಮ್ಮುನ್ನ. ಯಾರತ್ರ ಮಾಲು ಐತೋ ಅವರ್ದೇ ಕಾನೂನು.”

ಊರಿಗೆ ಬಂದರೆ ಜಗಲಿಯ ಮೇಲೂ ಇದೇ ಪಾಠ. ಕ್ರಾಸಿನಲ್ಲಿ ಎಷ್ಟು ಜನ ಬಸ್ಸು ತಪ್ಪಿಸಿಕೊಂಡರೋ ದೇವರಿಗೇ ಗೊತ್ತು.

ಅತ್ತೆಯದು ಬೇರೆ ಪಾಡು. ತೆಂಗಿನ ಮಟ್ಟೆಯ ಹೊಗೆಯಲ್ಲಿ ಒಲೆ ಊದಿ ಊದಿ ಕೆಮ್ಮು ಹತ್ತಿತ್ತು. ಹೊಗೆ ಬಿಡಿಸದಿದ್ದರೆ ಹೆಂಗಸು ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

“ಅರಬ್ಬರ ಒಲೆ ಆಮ್ಯಾಕೆ ನೋಡೋರಂತೆ, ನಮ್ಮ ಒಲೆಗೆ ಒಣಗಿದ ಮಟ್ಟೆನಾದ್ರೂ ತಂದಾಕ್ರೀ” ಎನ್ನುತ್ತಿದ್ದಳು ಕೆಮ್ಮಿನ ನಡುವೆ.

ಮಾವ ಮಟ್ಟೆ ತರಲಿಲ್ಲ. ಹಿತ್ತಲಲ್ಲಿ ಗುಂಡಿ ತೋಡಿಸಿ ಗೋಬರ್ ಗ್ಯಾಸ್ ಕಟ್ಟಿಸಿದ. ಯಾಕೆಂದು ಕೇಳಿದರೆ “ಇಂಧನ ಸ್ವಾತಂತ್ರ್ಯ” ಎಂದ! ಹೆಂಡತಿಯ ಕೆಮ್ಮಿನ ವಿಷಯ ಬಾಯಿಬಿಡಲಿಲ್ಲ. ಅದು ಅಂತರರಾಷ್ಟ್ರೀಯ ಮಟ್ಟದ್ದಲ್ಲವಲ್ಲ.

ಸ್ವತಂತ್ರ ರಾಷ್ಟ್ರಕ್ಕೆ ಸಗಣಿ ಸಾಲಲಿಲ್ಲ. ಎರಡೆತ್ತು, ಒಂದು ಹಸು ಎಷ್ಟೆಂದು ಹಾಕಿಯಾವು? ಪಕ್ಕದ ಮನೆಯ ಗೌರಕ್ಕ ಮತ್ತವಳ ಓರಗಿತ್ತಿಯರು ಬೆಳಿಗ್ಗೆ ಮಂಕರಿಯಲ್ಲಿ ಸಗಣಿ ತಂದು ಸುರಿಯಬೇಕು, ಗ್ಯಾಸು ಬಿಟ್ಟ ಬಗ್ಗಡವನ್ನು ತಮ್ಮ ತೋಟಕ್ಕೆ ಗೊಬ್ಬರವಾಗಿ ಒಯ್ಯಬೇಕು ಎಂದಾಯಿತು. ಕಾನೂನೆಲ್ಲ ಮಾವನದು. ತಡವಾದರೆ ಬಗ್ಗಡ ಕಟ್. ಸಗಣಿಯಲ್ಲಿ ಹುಲ್ಲು ಸಿಕ್ಕರೆ ಮಂಕರಿ ವಾಪಸ್. ಅಂತೂ ನೀಲಿ ಜ್ವಾಲೆ ಹತ್ತಿತು, ಅತ್ತೆಯ ಕೆಮ್ಮು ಇಳಿಯಿತು.

ಒಂದು ಬೆಳಿಗ್ಗೆ ಮಂಕರಿಗಳು ಬರಲಿಲ್ಲ. ಮಾವ ಬೇಲಿಯ ಹತ್ತಿರ ಹೋದ.

“ಯಾಕಮ್ಮ ಗೌರಮ್ಮ, ಸಗಣಿ ಎಲ್ಲಿ?”

“ನಾವೆಲ್ಲ ಒಂದಾಗಿದೀವಿ ಕಣಣ್ಣ. ಯಾರತ್ರ ಮಾಲು ಐತೋ ಅವರ್ದೇ ಕಾನೂನು ಅಂತ ನೀನೇ ಹೇಳ್ತಿದ್ದಲ್ಲ. ಸಗಣಿ ನಮ್ದು.”

“ಅದು ಎಣ್ಣೆ ಮಾತು ಕಣಮ್ಮ.”

“ನಮ್ಮ ದನ ಎಣ್ಣೆ ಹಾಕಾಕಿಲ್ವಲ್ಲಣ್ಣ.”

ಬೇಡಿಕೆ ಒಂದೇ. ಮಾವನ ಜಗಲಿಯ ಮೇಲೆ ಇನ್ನೊಂದು ಗ್ಯಾಸಿನ ಒಲೆ ಬೇಕು, ಅದರಲ್ಲಿ ಅವರೂ ಹಾಲು ಕಾಯಿಸಿಕೊಳ್ಳಬೇಕು. ಹೊಗೆ ಅವರಿಗೂ ಸಾಕಾಗಿತ್ತು.

ಮಾವ ಬಗ್ಗುವ ಆಸಾಮಿಯೆ? ಜಗಲಿಯ ಮೇಲೆ ಕೂತು ಸಾರ್ವಭೌಮತ್ವದ ಮೇಲೆ ದಿನವೂ ಭಾಷಣ ಬಿಗಿದ. ಜ್ವಾಲೆ ಸಣ್ಣಗಾಗುತ್ತ ಬಂದು ಆರಿತು. ಅತ್ತೆ ಹಳೆಯ ಒಲೆಗೆ ಮಟ್ಟೆ ಒಟ್ಟಿ ಊದತೊಡಗಿದಳು. ಅಡಿಗೆಮನೆಯಿಂದ ಕೆಮ್ಮು ಕೇಳಿಸಿತು. ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಭಾಷಣ ಅರ್ಧಕ್ಕೇ ಬಿಟ್ಟು ಮಾವ ಎದ್ದ, ಬೇಲಿ ದಾಟಿದ, ಗೌರಕ್ಕನ ಅಂಗಳದಲ್ಲಿ ಬರೀ ನೆಲದ ಮೇಲೆ ಕೂತ.

“ಒಂದಲ್ಲ, ಎರಡು ಒಲೆ ಹಾಕುಸ್ತೀನಿ ಬುಡವ್ವ. ನಿನ್ನ ಕಾನೂನೇ ಇರ್ಲಿ. ಅವಳ ಕೈಲಿ ಆಗ್ತಿಲ್ಲ.”

ಗೌರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮಂಕರಿ ಎತ್ತಿಕೊಂಡಳು.

ಮತ್ತೆ ಜ್ವಾಲೆ ಎದ್ದ ದಿನ ನಾನು ಅಲ್ಲಿದ್ದೆ. ಅತ್ತೆ ಕಾಫಿಗಿಟ್ಟಳು. ಮಾವ ಬಾಗಿಲಿಗೊರಗಿ, ಎಲ್ಲಿ ಕೆಮ್ಮುತ್ತಾಳೋ ಎಂದು ಉಸಿರು ಬಿಗಿಹಿಡಿದು ನಿಂತಿದ್ದ. ಅವಳು ಕೆಮ್ಮಲಿಲ್ಲ. ಮಾವನ ಕಣ್ಣಲ್ಲಿ ನೀರು ಬಂತು. ಹೊಗೆ ಎಂದು ಸುಳ್ಳು ಹೇಳೋಣವೆಂದರೆ, ಹೊಗೆಯೇ ಇರಲಿಲ್ಲ.